ಒಲೆಯ ಗಾಳಿ, ಹೊಗೆಯ ಹಾದಿ

ದೆಹಲಿ, ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅಡಿಗೆಮನೆಯಿಂದ ಸೌದೆಯ ಒಲೆ ಕಣ್ಮರೆಯಾಗಿ ಬಹುಕಾಲವಾಯಿತು. ಆದರೂ ರಜೆಗೆಂದು ಮಲೆನಾಡಿನ ಅಥವಾ ಕರಾವಳಿಯ ಮೂಲಮನೆಗೆ ಹೋದವರನ್ನು ಬಚ್ಚಲುಮನೆಯ ಹಂಡೆಯ ಒಲೆ ಇಂದಿಗೂ ಎದುರುಗೊಳ್ಳುವುದುಂಟು. ಉತ್ತರ ಭಾರತದ ಪುಷ್ಯಮಾಸದ ಚಳಿಯಲ್ಲಂತೂ ಅಗ್ಗಿಷ್ಟಿಕೆ, ಅಂದರೆ ಅಲ್ಲಿಯವರ ಅಂಗೀಠಿ, ಮಲಗುವ ಕೋಣೆಯೊಳಕ್ಕೇ ಬರುತ್ತದೆ. ಇವನ್ನು ಬಳಸುವವರು ಸಾಮಾನ್ಯವಾಗಿ ಎಚ್ಚರ ವಹಿಸುವುದು ಬೆಂಕಿಯ ಬಗ್ಗೆ. ಕಿಡಿ ಹಾರೀತು, ಸೆರಗು ಹತ್ತೀತು ಎಂಬ ಭಯದಿಂದ. ಆ ಎಚ್ಚರ ಬೇಕಾದದ್ದೇ. ಆದರೆ ಒಲೆಯ ಒಳಕ್ಕೆ ಹೋಗುವ ಗಾಳಿಯನ್ನೂ ಅದರಿಂದ ಹೊರಬೀಳುವ ಅನಿಲವನ್ನೂ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸೌದೆ ಉರಿಯುತ್ತದೆ ಎನ್ನುವುದು ಲೋಕರೂಢಿಯ ಮಾತು. ಜ್ವಾಲೆಯಾಗಿ ಕಾಣುವುದು ವಾಸ್ತವವಾಗಿ ಕಾದ ಸೌದೆಯಿಂದ ಹೊರಹೊಮ್ಮುವ ಅನಿಲಗಳು. ಒಣಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲರೂಪ ತಾಳುತ್ತದೆ. ಉಳಿದದ್ದು ಕೆಂಡವಾಗಿ ನಿಧಾನವಾಗಿ ಸವೆಯುತ್ತದೆ. ಒಂದು ಕಿಲೋಗ್ರಾಂ ಒಣಸೌದೆ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 5 ಘನ ಮೀಟರ್ ಗಾಳಿ ಬೇಕು. ಮನೆಯ ಒಲೆಗಳಲ್ಲಿ ಗಾಳಿಯೂ ಅನಿಲವೂ ಚೆನ್ನಾಗಿ ಬೆರೆಯದ ಕಾರಣ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿಯೆಲ್ಲ ಸೇರಿ ಸುಮಾರು 28 ಘನ ಮೀಟರ್. ಐದಾರು ಕಿಲೋ ಸೌದೆಗೆ ಅಷ್ಟೂ ಸಾಲದು ಎಂಬುದನ್ನು ನೆನೆದರೆ, ಹಳೆಯ ಮನೆಗಳ ಅಡಿಗೆಕೋಣೆಗೆ ಗವಾಕ್ಷಿಯನ್ನೂ ಹಂಚಿನ ನಡುವೆ ಬೆಳಕಿಂಡಿಯನ್ನೂ ಬಿಟ್ಟವರ ವಿವೇಕ ಅರ್ಥವಾಗುತ್ತದೆ.

ಈ ಗಾಳಿ ಎರಡು ಕಡೆಯಿಂದ ಒದಗಬೇಕು. ಕೆಳಗಿನಿಂದ ಬರುವ ಗಾಳಿ ಕೆಂಡವನ್ನು ಕಾಯಿಸುತ್ತದೆ. ಮೇಲ್ಭಾಗದಲ್ಲಿ ಸೇರುವ ಗಾಳಿ ಅನಿಲಗಳನ್ನು ಉರಿಸುತ್ತದೆ. ಸಾಂಪ್ರದಾಯಿಕ ಮಣ್ಣಿನ ಒಲೆಗೆ ತಳದಲ್ಲಿ ಕಬ್ಬಿಣದ ಜಾಲರಿ ಇಲ್ಲವಾದ್ದರಿಂದ, ಹಿಂದಿನ ದಿನದ ಬೂದಿಯನ್ನು ತೆಗೆಯದೆ ಉರಿಹಾಕಿದರೆ ಕೆಳಗಿನ ದಾರಿ ಮೊದಲೇ ಮುಚ್ಚಿಹೋಗುತ್ತದೆ. ಒಲೆಯ ಬಾಯಿಯ ತುಂಬ ಸೌದೆ ತುರುಕಿದರೆ ಮೇಲಿನ ದಾರಿಯೂ ಮುಚ್ಚುತ್ತದೆ. ಆಗ ಗೃಹಿಣಿ ಊದುಕೊಳವೆಯನ್ನು ಹಿಡಿದು ಕುಳಿತುಕೊಳ್ಳುತ್ತಾಳೆ. ದಪ್ಪ ಕೊರಡುಗಳಿಗೆ ಬದಲಾಗಿ ಸೀಳಿದ ಒಣಸೌದೆಯನ್ನು ನಡುನಡುವೆ ಸಂದು ಬಿಟ್ಟು ಸ್ವಲ್ಪಸ್ವಲ್ಪವಾಗಿ ಒಡ್ಡಿದರೆ ಊದುವ ಕೆಲಸ ಬಹಳಮಟ್ಟಿಗೆ ತಪ್ಪುತ್ತದೆ. ಹಸಿಸೌದೆಯ ಮಾತು ಬೇರೆ: ಅದರ ಶಾಖದ ಒಂದಂಶ ನೀರನ್ನು ಆವಿಮಾಡುವುದಕ್ಕೇ ವ್ಯಯವಾಗಿ, ಅನಿಲಗಳು ಹೊತ್ತಿಕೊಳ್ಳುವಷ್ಟು ಕಾವು ಏರದೆ, ಅವೆಲ್ಲ ಹೊಗೆಯಾಗಿ ಕಣ್ಣಿಗೂ ಎದೆಗೂ ಸೇರುತ್ತವೆ.

ಈ ಹೊಗೆ ಕಣ್ಣೀರು ತರಿಸಿ ಸುಮ್ಮನಾಗುವುದಿಲ್ಲ. ಶ್ವಾಸಕೋಶದ ಬೇನೆಯಿಂದ ಹೃದಯದ ಬಲಭಾಗ ಸೋಲುವ ಒಂದು ರೋಗವುಂಟು. 1950ರ ದಶಕದಲ್ಲಿ ದೆಹಲಿಯಲ್ಲಿ ಹೃದ್ರೋಗತಜ್ಞೆ ಡಾ. ಎಸ್. ಪದ್ಮಾವತಿ ಮತ್ತು ಸಹೋದ್ಯೋಗಿಗಳು ಆ ರೋಗವನ್ನು ಅಧ್ಯಯನ ಮಾಡಿದಾಗ, ಅದು ಧೂಮಪಾನದ ಚಟವಿಲ್ಲದ ಸ್ತ್ರೀಯರಲ್ಲಿಯೂ ವಿಶೇಷವಾಗಿ ಕಂಡುಬಂದಿತು. ಅವರ ಸಂಶಯ ಅಡಿಗೆಮನೆಯ ಹೊಗೆಯ ಮೇಲೆ ಬಿದ್ದಿತು. ಮುಂದಿನ ದಶಕಗಳ ಸಂಶೋಧನೆ ಆ ಸಂಶಯವನ್ನು ಬಲಪಡಿಸಿದೆ.

ಹೊಗೆಯನ್ನು ಮನೆಯಿಂದ ಹೊರಗಟ್ಟುವ ಪ್ರಯತ್ನಗಳು ದೇಶದಲ್ಲಿ ಹಳೆಯವೇ. ವಾರ್ಧಾದ ಮಗನ್ ಚೂಲಾ, 1950ರ ದಶಕದಲ್ಲಿ ಹೈದರಾಬಾದಿನ ಡಾ. ಎಸ್. ಪಿ. ರಾಜು ರೂಪಿಸಿದ ಹೊಗೆರಹಿತ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆ, ಇವೆಲ್ಲವೂ ಆ ಪರಂಪರೆಯವು. ಅಸ್ತ್ರ ಒಲೆಯಲ್ಲಿ ಸೌದೆ ಜಾಲರಿಯ ಮೇಲೆ ಉರಿಯುತ್ತದೆ. ಬಿಸಿ ಅನಿಲ ಮೂರು ಪಾತ್ರೆಗಳ ತಳವನ್ನು ಸವರಿ ಹೊಗೆಕೊಳವೆಯ ಮೂಲಕ ಛಾವಣಿಯ ಮೇಲೆ ಹೋಗುತ್ತದೆ. ಆದರೆ ಎಂಥ ಒಲೆಯಾದರೂ ಕೊಳವೆಯಲ್ಲಿ ಮಸಿ ಕಟ್ಟಿದರೆ ಅದು ಹಳೆಯ ಒಲೆಗಿಂತ ಕಡೆ. ಇಂಥ ಒಲೆಗಳನ್ನು ಹಂಚಿದವರು ಕಟ್ಟುವುದಕ್ಕೆ ತೋರಿದ ಉತ್ಸಾಹವನ್ನು ಕೊಳವೆ ಗುಡಿಸುವುದನ್ನು ಕಲಿಸುವುದರಲ್ಲಿ ತೋರಲಿಲ್ಲ ಎಂದರೆ ಅತಿಶಯೋಕ್ತಿಯಾಗದು.

ಹೊಗೆಕೊಳವೆ ಹೊಗೆಯನ್ನು ಸೆಳೆಯುವುದು ಒಂದೇ ಕಾರಣದಿಂದ: ಒಳಗಿನ ಬಿಸಿ ಅನಿಲ ಹೊರಗಿನ ತಂಪುಗಾಳಿಗಿಂತ ಹಗುರ. ಕೊಳವೆ ಎತ್ತರವಾದಷ್ಟೂ, ಒಳಗೆ ಬಿಸಿಯಾದಷ್ಟೂ ಸೆಳೆತ ಹೆಚ್ಚು. ಚಳಿಗಾಲದ ಮುಂಜಾನೆ ಕೊಳವೆ ತಣ್ಣಗಿರುವಾಗ ಹೊಗೆ ಹಿಂದಿರುಗಿ ಬರುವುದೂ ಇದರಿಂದಲೇ. ಮೊದಲು ಒಂದೆರಡು ಕಾಗದ ಅಥವಾ ಪುರಲೆ ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿದರೆ ತೊಂದರೆ ತಪ್ಪುತ್ತದೆ. ಈಚಿನ ದಿನಗಳಲ್ಲಿ ಹಳೆಯ ಮನೆಗೆ ಗಾಜಿನ ಕಿಟಕಿ ಕೂಡಿಸಿ, ಹೊಗೆ ಹೋಗಲೆಂದು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದುಂಟು. ಕಿಟಕಿ ಬಾಗಿಲು ಮುಚ್ಚಿದ್ದರೆ ಈ ಫ್ಯಾನ್ ಹೊಗೆಕೊಳವೆಯಿಂದಲೇ ಗಾಳಿಯನ್ನು ಕೆಳಗೆಳೆದು, ಮೇಲೇರಬೇಕಾದ ಹೊಗೆಯನ್ನು ಮನೆಯೊಳಕ್ಕೆ ತಂದುಬಿಡುತ್ತದೆ. ಉರಿಯುವ ಒಲೆಯ ಬಾಯಿಯ ಬಳಿ ಊದುಬತ್ತಿಯೊಂದನ್ನು ಹಿಡಿದು ನೋಡಿದರೆ ಸಾಕು: ಅದರ ಹೊಗೆ ಒಲೆಯೊಳಕ್ಕೆ ವಾಲಬೇಕು, ಹೊರಕ್ಕೆ ವಾಲಿದರೆ ಕಿಟಕಿ ತೆರೆಯಬೇಕು.

ಬೆಂಕಿಯನ್ನು ತಗ್ಗಿಸುವ ಕ್ರಮದಲ್ಲಿಯೇ ಹೆಚ್ಚಿನ ಪ್ರಮಾದ ನಡೆಯುತ್ತದೆ. ಕೆಲವು ಒಲೆಗಳಿಗೆ ಗಾಳಿ ಬರುವ ಕಂಡಿಯಲ್ಲೊಂದು, ಹೊಗೆ ಹೋಗುವ ಕೊಳವೆಯಲ್ಲೊಂದು ಮುಚ್ಚಳವಿರುತ್ತದೆ. ಉರಿ ತಗ್ಗಬೇಕಾದಾಗ ಮೊದಲನೆಯದನ್ನು ಸ್ವಲ್ಪ ಕಿರಿದುಮಾಡಬಹುದು, ಅದೂ ಜ್ವಾಲೆ ನಿಂತು ಉರಿಯತೊಡಗಿದ ಮೇಲೆ. ಎರಡನೆಯದನ್ನು ಒಳಗೆ ಒಂದು ಕೆಂಡ ಕೆಂಪಗಿರುವವರೆಗೂ ಪೂರ್ಣವಾಗಿ ಮುಚ್ಚಲಾಗದು. ರಾತ್ರಿಯೆಲ್ಲ ನೀರು ಬಿಸಿಯಾಗಿರಲೆಂದು ಹಂಡೆಯ ಒಲೆಗೆ ದಪ್ಪ ಕೊರಡು ಒಡ್ಡಿ ಬಾಯಿಗೆ ತಗಡು ಮುಚ್ಚುವವರು, ಸೌದೆಯನ್ನು ಅರೆಬರೆ ಬೇಯಿಸಿ ಕೊಳವೆಗೆ ಡಾಂಬರಿನಂಥ ಮಸಿ ಬಳಿಯುತ್ತಾರೆ. ಆ ಮಸಿ ಮುಂದೊಂದು ದಿನ ಕೊಳವೆಯೊಳಗೇ ಹೊತ್ತಿಕೊಳ್ಳಬಲ್ಲದು.

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಸತ್ಯ. ಹೊಗೆಯಿಲ್ಲದ ಬೆಂಕಿಯಾದರೋ ಉಂಟು. ಪ್ರಾಣಾಪಾಯ ಅದರಲ್ಲಿಯೇ ಹೆಚ್ಚು. ಹೊಗೆ ಕೆಮ್ಮಿಸಿ, ಕಣ್ಣು ಉರಿಸಿ, ಮನುಷ್ಯನನ್ನು ಹೊರಗೆ ಓಡಿಸುತ್ತದೆ. ನಿಗಿನಿಗಿ ಕೆಂಡ ಹಾಗಲ್ಲ. ಕೆಂಡದ ರಾಶಿಯ ತಳದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲಿನ ಕಾದ ಕೆಂಡಗಳ ನಡುವೆ ನುಸುಳುವಾಗ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಕೆಂಡದ ಮೇಲೆ ಆಗಾಗ ಕುಣಿಯುವ ನೀಲಿ ಜ್ವಾಲೆ ಈ ಅನಿಲ ಉರಿಯುವುದರ ಕುರುಹು. ಉರಿಯದೆ ಉಳಿದದ್ದು ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಇದನ್ನು ಅಪ್ಪಿಕೊಳ್ಳುವುದರಿಂದ, ಗಾಳಿಯಲ್ಲಿ ಅತ್ಯಲ್ಪ ಪ್ರಮಾಣವಿದ್ದರೂ ದೇಹ ಉಸಿರಾಡುತ್ತಲೇ ಆಮ್ಲಜನಕದ ಬರಕ್ಕೆ ಸಿಕ್ಕುತ್ತದೆ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ಸ್ವತಃ ಸೇವಿಸಿ ಅದರ ಪರಿಣಾಮಗಳನ್ನು ಬರೆದಿಟ್ಟರು. (1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಇವರ ಮಗ.) ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳ ನಿಶ್ಶಕ್ತಿ, ಬಳಿಕ ಮಂಪರು, ಇದು ವಿಷವೇರುವ ಕ್ರಮ. ನಿದ್ರಿಸುತ್ತಿರುವವನಿಗೆ ಈ ಯಾವ ಎಚ್ಚರಿಕೆಯೂ ದೊರೆಯುವುದಿಲ್ಲ.

ಉತ್ತರ ಭಾರತದಲ್ಲಿ ಚಳಿಗಾಲ ಬಂದಾಗಲೆಲ್ಲ, ಅಂಗೀಠಿಯಿಟ್ಟು ಬಾಗಿಲು ಭದ್ರಪಡಿಸಿ ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಕೋಣೆಯ ಮೂಲೆಯಲ್ಲೊಂದು ನೀರಿನ ಪಾತ್ರೆಯಿಟ್ಟರೆ ವಿಷವನ್ನು ಅದು ಹೀರಿಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ಅನಿಲ ನೀರಿನಲ್ಲಿ ಕರಗುವುದು ತೀರ ಅಲ್ಪವಾದ್ದರಿಂದ ಆ ನಂಬಿಕೆಗೆ ಆಧಾರವಿಲ್ಲ. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಡುವುದೊಂದೇ ಮಾರ್ಗ; ಬೂದಿ ಮುಚ್ಚಿದ ಕೆಂಡವೂ ಕೆಂಡವೇ. ನಗರದ ಬಚ್ಚಲುಮನೆಗಳಲ್ಲಿ ಗಾಳಿಕಿಂಡಿಯಿಲ್ಲದೆ ಕೂಡಿಸಿದ ಗ್ಯಾಸ್ ಗೀಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಏಕಕಾಲದಲ್ಲಿ ತಲೆನೋವು, ವಾಕರಿಕೆ ಬಂದರೆ ಅಜೀರ್ಣವೆಂದು ಭಾವಿಸದೆ ಎಲ್ಲರನ್ನೂ ತತ್‌ಕ್ಷಣ ಬಯಲಿಗೆ ತರಬೇಕು. ಒಳಗೆ ಹೋಗುವವರು ಮೊದಲು ಬಾಗಿಲು ಕಿಟಕಿ ತೆರೆಯಬೇಕು. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಗರ್ಭಿಣಿಯರ ವಿಷಯದಲ್ಲಿ, ತಾಯಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಬಳಿಗೆ ಹೋಗಲೇಬೇಕು. 2020ರ ಮಹಾಮಾರಿಯ ಕಾಲದಿಂದ ಅನೇಕ ಮನೆಗಳಲ್ಲಿರುವ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಲಾಗದು. ಅದು ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತವನ್ನೂ ಆಮ್ಲಜನಕ ಹೊತ್ತ ರಕ್ತವೆಂದೇ ಎಣಿಸಿ, ಸಾಯುವ ಸ್ಥಿತಿಯಲ್ಲಿರುವವನಿಗೂ ತೊಂಬತ್ತೆಂಟು ಎಂದು ತೋರಿಸಬಹುದು. ಆದ್ದರಿಂದ ರೋಗಿಯನ್ನು ಕರೆತಂದವರು, ಕೋಣೆಯಲ್ಲಿ ಕೆಂಡವಿತ್ತೆಂಬುದನ್ನು ಕೇಳುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಆಗ ಅವರು ಈ ವಿಷಕ್ಕೆಂದೇ ಇರುವ ರಕ್ತಪರೀಕ್ಷೆಯನ್ನು ಮಾಡಿಸುತ್ತಾರೆ.