ಕಚೇರಿ ಹೋಯಿತು, ವಿಳಾಸ ಉಳಿಯಿತು

ಜಪಾನಿನ ನಾರಾ ಪ್ರಾಂತದ ದಕ್ಷಿಣ ತುದಿಯಲ್ಲಿ ತೋತ್ಸುಕಾವಾ ಎಂಬ ಹಳ್ಳಿಯಿದೆ. ಅಲ್ಲಿಗೆ ಪತ್ರ ಬರೆಯುವವರು ವಿಳಾಸದಲ್ಲಿ ಮೂರು ಹೆಸರುಗಳನ್ನು ಕಾಣಿಸುತ್ತಾರೆ: ನಾರಾ-ಕೆನ್, ಯೋಶಿನೋ-ಗುನ್, ತೋತ್ಸುಕಾವಾ-ಮುರಾ. ಕೆನ್ ಎಂದರೆ ಪ್ರಾಂತ. ಅದಕ್ಕೆ ಗವರ್ನರ್ ಇದ್ದಾರೆ, ಸಭೆ ಇದೆ. ಮುರಾ ಎಂದರೆ ಹಳ್ಳಿ. ಅದಕ್ಕೂ ಚುನಾಯಿತ ಮುಖ್ಯಸ್ಥರಿದ್ದಾರೆ. ನಡುವಿನ ‘ಗುನ್’ಗೆ ಮಾತ್ರ ಯಾರೂ ಇಲ್ಲ. ಕಚೇರಿಯಿಲ್ಲ, ಅಧಿಕಾರಿಯಿಲ್ಲ, ಆಯವ್ಯಯವಿಲ್ಲ. ಕನ್ನಡದಲ್ಲಿ ತಾಲ್ಲೂಕು ಎಂದು ಕರೆಯೋಣವೆಂದರೆ ಇದು ತಹಶೀಲ್ದಾರರೇ ಇಲ್ಲದ ತಾಲ್ಲೂಕು.

ಹಿಂದೆ ಹೀಗಿರಲಿಲ್ಲ. ಗುನ್ ಜಪಾನಿನ ಅತಿ ಹಳೆಯ ಆಡಳಿತ ಘಟಕಗಳಲ್ಲಿ ಒಂದು. ಚೀನಾದ ಮಾದರಿಯಲ್ಲಿ ದೇಶವನ್ನು ಪ್ರಾಂತಗಳಾಗಿ, ಪ್ರಾಂತವನ್ನು ಗುನ್‌ಗಳಾಗಿ ವಿಂಗಡಿಸಿದ್ದು ಏಳನೆಯ ಶತಮಾನದಲ್ಲಿ. 646ರ ರಾಜಾಜ್ಞೆಯಲ್ಲೇ ಈ ಅಕ್ಷರ ಬಳಕೆಯಾಗಿದೆ ಎಂದು ಪ್ರಾಚೀನ ಚರಿತ್ರೆಯಾದ ‘ನಿಹೋನ್ ಶೋಕಿ’ ಹೇಳುತ್ತದೆ. ಇದು ನಿಜವೇ ಎಂದು ಜಪಾನಿನ ವಿದ್ವಾಂಸರು ವರ್ಷಗಟ್ಟಲೆ ಜಗಳವಾಡಿದರು. ಜಗಳ ಬಗೆಹರಿಸಿದ್ದು ಮರದ ಒಂದು ಚೂರು. ನಾರಾ ಪ್ರಾಂತದಲ್ಲೇ ಇರುವ ಫುಜಿವಾರಾ ಅರಮನೆಯ ನಿವೇಶನದಲ್ಲಿ 1960ರ ದಶಕದಲ್ಲಿ ಉತ್ಖನನ ನಡೆದಾಗ, ತೆರಿಗೆಯ ಮೂಟೆಗಳಿಗೆ ಕಟ್ಟುತ್ತಿದ್ದ ಮರದ ಚೀಟಿಗಳು ದೊರೆತವು. 701ಕ್ಕಿಂತ ಹಿಂದಿನ ಚೀಟಿಗಳಲ್ಲಿ ಈ ಘಟಕಕ್ಕೆ ಬೇರೆಯೇ ಅಕ್ಷರವಿತ್ತು. ಚರಿತ್ರಕಾರರು ತಮ್ಮ ಕಾಲದ ಪದವನ್ನು ಹಿಂದಿನ ಕಾಲಕ್ಕೆ ತೊಡಿಸಿದ್ದರು! ಯೋಶಿನೋದಲ್ಲಿ ಅರಸರ ವಿಹಾರದ ಅರಮನೆ ಇದ್ದುದರಿಂದ ಎಂಟನೆಯ ಶತಮಾನದಲ್ಲಿ ಕೆಲವು ವರ್ಷ ಅದಕ್ಕೆ ಪ್ರತ್ಯೇಕ ಆಡಳಿತವೂ ಇತ್ತು.

ನಡುವಿನ ಶತಮಾನಗಳಲ್ಲಿ ಜಹಗೀರುದಾರರ, ಸೈನಿಕ ಒಡೆಯರ ಕೈಗೆ ನೆಲ ಹೋಗಿ ಗುನ್ ಕೇವಲ ಹೆಸರಾಯಿತು. ಅದಕ್ಕೆ ಮತ್ತೆ ಜೀವ ತುಂಬಿದ್ದು ಮೇಜಿ ಸರ್ಕಾರ. 1878ರ ಕಾನೂನಿನಂತೆ ಪ್ರತಿ ಗುನ್‌ಗೂ ಸರ್ಕಾರ ನೇಮಿಸಿದ ಮುಖ್ಯಸ್ಥ ಬಂದ, ಕಚೇರಿ ತೆರೆಯಿತು. ಯೋಶಿನೋಗೆ ಪಕ್ಕದ ಉಚಿ ಗುನ್‌ನೊಡನೆ ಸೇರಿಸಿ ಒಂದೇ ಕಚೇರಿ.

ಮುಂದಿನ ಹೆಜ್ಜೆ ಹಳ್ಳಿಗಳನ್ನು ಒಟ್ಟುಗೂಡಿಸುವುದು. ಶಾಲೆ ನಡೆಸಬೇಕು, ಕುಟುಂಬಗಳ ದಾಖಲೆ ಇಡಬೇಕು; ಅದಕ್ಕೆ ಪ್ರತಿ ಹಳ್ಳಿಯಲ್ಲೂ 300ರಿಂದ 500 ಮನೆಗಳಾದರೂ ಇರಲಿ ಎಂದು ಸರ್ಕಾರ ಬಯಸಿತು. ಒಂದೇ ವರ್ಷದಲ್ಲಿ, 1888ರಿಂದ 1889ಕ್ಕೆ, ದೇಶದ 71,314 ಊರುಗಳು 15,859ಕ್ಕೆ ಇಳಿದವು. ತೋತ್ಸುಕಾವಾ ಕಣಿವೆಯ ಚದುರಿದ ಕೇರಿಗಳು 1889ರ ಏಪ್ರಿಲ್‌ನಲ್ಲಿ ಆರು ಹಳ್ಳಿಗಳಾದವು.

ಆ ಆರು ಹಳ್ಳಿಗಳಿಗೆ ಸಿಕ್ಕಿದ್ದು ನಾಲ್ಕು ತಿಂಗಳು. ಅದೇ ಆಗಸ್ಟ್‌ನಲ್ಲಿ ಸುರಿದ ಭಾರಿ ಮಳೆಗೆ ಬೆಟ್ಟಗಳೇ ಕುಸಿದವು. ಮಣ್ಣು ಹೊಳೆಗೆ ಅಡ್ಡ ಬಿದ್ದು ಕಣಿವೆಯಲ್ಲಿ ಅಲ್ಲಲ್ಲಿ ಕೆರೆಗಳಾದವು, ಅವು ಒಡೆದು ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋದವು. ತೋತ್ಸುಕಾವಾದಲ್ಲಿ ಸತ್ತವರು 168 ಮಂದಿ. ಗದ್ದೆ, ಮನೆ ಎರಡನ್ನೂ ಕಳೆದುಕೊಂಡವರಿಗೆ ಆ ಕಡಿದಾದ ಕಣಿವೆಯಲ್ಲಿ ಬೇರೆ ನೆಲ ಎಲ್ಲಿಂದ ತರುವುದು? ಉತ್ತರದ ಹೊಕ್ಕೈಡೋ ದ್ವೀಪಕ್ಕೆ ಗುಳೆ ಹೋಗುವುದೆಂದು ತೀರ್ಮಾನವಾಯಿತು. ಅಕ್ಟೋಬರ್‌ನಲ್ಲಿ 600 ಕುಟುಂಬಗಳು, ಸುಮಾರು 2,500 ಮಂದಿ, ಕೋಬೆ ಬಂದರಿನಿಂದ ಹಡಗು ಹತ್ತಿದರು. ಹೆಚ್ಚುಕಡಿಮೆ ನಾಲ್ಕು ಮನೆಗೆ ಒಂದರಂತೆ ಕಣಿವೆ ಖಾಲಿಯಾಯಿತು.

ಅವರು ಅಲ್ಲಿ ಮುಟ್ಟಿದ್ದು ಚಳಿಗಾಲದ ಬಾಗಿಲಿಗೆ. ಸೈನಿಕ ವಲಸಿಗರಿಗೆಂದು ಕಟ್ಟಿದ್ದ ಮನೆಗಳಲ್ಲಿ ಇಕ್ಕಟ್ಟಾಗಿ ಹಿಮಗಾಲ ಕಳೆದು, 1890ರ ಬೇಸಿಗೆಯಲ್ಲಿ ಇಶಿಕಾರಿ ನದಿ ದಾಟಿ ಕಾಡು ಕಡಿಯತೊಡಗಿದರು. ಆ ನೆಲ ಕಾಗದದ ಮೇಲೆ ಕಬಾತೋ ಗುನ್. ಅಲ್ಲಿ ಗುನ್‌ಗೆ ಸಾವಿರ ವರ್ಷದ ಹಿನ್ನೆಲೆಯೇನೂ ಇಲ್ಲ. ಐನು ಜನರು ಬಾಳುತ್ತಿದ್ದ ನೆಲದ ಮೇಲೆ ಸರ್ಕಾರ 1869ರಲ್ಲಿ ಗೆರೆ ಎಳೆದು ಇಟ್ಟ ಹೆಸರು ಅದು. ಊರಿಗೆ ತಮ್ಮ ಕಣಿವೆಯ ಹೆಸರನ್ನೇ ಕೊಂಡೊಯ್ದರು. ಇಂದಿಗೂ ಅದು ಶಿನ್-ತೋತ್ಸುಕಾವಾ. ‘ಶಿನ್’ ಎಂದರೆ ಹೊಸ.

ಇತ್ತ ಉಳಿದವರ ಆರು ಹಳ್ಳಿಗಳು 1890ರಲ್ಲಿ ಸೇರಿ ಒಂದೇ ತೋತ್ಸುಕಾವಾ ಆದವು. 672 ಚದರ ಕಿಲೋಮೀಟರ್! ಟೋಕಿಯೋದ 23 ವಾರ್ಡುಗಳನ್ನು ಒಟ್ಟು ಸೇರಿಸಿದರೂ ಇಷ್ಟು ವಿಸ್ತಾರವಿಲ್ಲ. ಯೋಶಿನೋ ಗುನ್‌ನ ಪ್ರವಾಹದ ಪೂರ್ಣ ವೃತ್ತಾಂತವನ್ನು ಗುನ್ ಕಚೇರಿ 1891ರಲ್ಲಿ 11 ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಆ ಕಚೇರಿ ಬೇರೇನು ಮಾಡಿತೋ ಬಿಟ್ಟಿತೋ, ಈ ಕೆಲಸವೊಂದನ್ನು ಮೆಚ್ಚಲೇಬೇಕು.

ಬಹಳ ಕಾಲ ಅದೂ ಉಳಿಯಲಿಲ್ಲ. ಪ್ರಾಂತ ಮತ್ತು ಹಳ್ಳಿಯ ನಡುವೆ ಇನ್ನೊಂದು ಹಂತ ಅನವಶ್ಯಕವೆಂಬ ಅಭಿಪ್ರಾಯ ಬಲವಾಗಿ 1923ರಲ್ಲಿ ಗುನ್‌ನ ಸ್ವಯಮಾಡಳಿತ ರದ್ದಾಯಿತು, 1926ರಲ್ಲಿ ಕಚೇರಿಗಳೂ ಮುಚ್ಚಿದವು. ಅಂದಿನಿಂದ ಗುನ್ ಎಂದರೆ ನಗರವಾಗದೆ ಉಳಿದ ಪಟ್ಟಣ, ಹಳ್ಳಿಗಳ ಗುಂಪು, ಅಷ್ಟೇ. ಹಳ್ಳಿಯೊಂದು ನಗರದಲ್ಲಿ ವಿಲೀನವಾದರೆ ಅದರ ವಿಳಾಸದಿಂದ ಗುನ್ ಅಳಿಸಿಹೋಗುತ್ತದೆ. ಎಲ್ಲ ಹಳ್ಳಿಗಳೂ ಹಾಗೆ ಹೋದರೆ ಗುನ್‌ನ ಹೆಸರೂ ಇಲ್ಲ.

1953ರ ಕಾನೂನು ಎಂಟು ಸಾವಿರ ಜನಸಂಖ್ಯೆಯ ಗುರಿ ಇಟ್ಟು ಇನ್ನೊಂದು ಸುತ್ತಿನ ವಿಲೀನ ಮಾಡಿತು. ಮಾಧ್ಯಮಿಕ ಶಾಲೆಯೊಂದನ್ನು ನಡೆಸಲು ಅಷ್ಟು ಜನ ಬೇಕೆಂಬುದು ಲೆಕ್ಕ. ಮೂರನೆಯ ಸುತ್ತು 1999ರಿಂದ 2010ರವರೆಗಿನದು. ಈ ಸಲ ಕಾರಣ ಹಣದ ಮುಗ್ಗಟ್ಟು ಮತ್ತು ಮುದುಕರಾಗುತ್ತಿರುವ ಹಳ್ಳಿಗಳು. 568 ಹಳ್ಳಿಗಳಿದ್ದ ದೇಶದಲ್ಲಿ 184 ಉಳಿದವು. 2005ರ ಸೆಪ್ಟೆಂಬರ್‌ನಲ್ಲಿ ತೋತ್ಸುಕಾವಾದ ನೆರೆಯ ಓತೋ, ಅದರಾಚೆಯ ನಿಶಿಯೋಶಿನೋ ಎರಡೂ ಗೋಜೋ ನಗರ ಸೇರಿ ಯೋಶಿನೋ ಗುನ್‌ನಿಂದ ಹೊರಬಿದ್ದವು. ಗುನ್‌ನಲ್ಲಿ ಉಳಿದವು ಮೂರು ಪಟ್ಟಣ, ಎಂಟು ಹಳ್ಳಿ.

ತೋತ್ಸುಕಾವಾ ಆ ಎಂಟರಲ್ಲಿ ಒಂದು. 2020ರ ಗಣತಿಯಲ್ಲಿ ಅಲ್ಲಿದ್ದವರು ಮೂರು ಸಾವಿರ ಚಿಲ್ಲರೆ. ಹೊಕ್ಕೈಡೋದ ಮಗಳು 1957ರಲ್ಲೇ ಪಟ್ಟಣದ ದರ್ಜೆ ಪಡೆದಳು. ಅಲ್ಲಿನ ಜನಸಂಖ್ಯೆ ಇದರ ಎರಡರಷ್ಟು. ಆದರೂ ಅಲ್ಲಿನವರು ತೋತ್ಸುಕಾವಾವನ್ನು ಇಂದಿಗೂ ‘ತಾಯಿ ಹಳ್ಳಿ’ ಎಂದೇ ಕರೆಯುತ್ತಾರೆ. 2011ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಮಳೆಗೆ ತೋತ್ಸುಕಾವಾದ ಬೆಟ್ಟಗಳು ಮತ್ತೆ ಕುಸಿದಾಗ ಅಲ್ಲಿಂದ ನೆರವು ಬಂತು.