ಭಿಕ್ಷೆ ಬೇಡಿದ ಬಿಷಪ್ಪರು

ಉಡುಪಿಯಿಂದ ಕುಂದಾಪುರದ ಕಡೆಗೆ ಪಯಣಿಸುವವರಿಗೆ ಸುವರ್ಣಾ ನದಿಯನ್ನು ದಾಟಿದ ಮೇಲೆ ಬ್ರಹ್ಮಾವರವು ಸಿಗುತ್ತದೆ. ಅಲ್ಲಿಯ ಸಂತ ಮೇರಿಯವರ ಇಗರ್ಜಿಗೆ ಒಂದು ವೈಶಿಷ್ಟ್ಯವುಂಟು. ಸಭೆಯವರ ಮನೆಮಾತು ಕೊಂಕಣಿ. ಅವರ ಪೂರ್ವಿಕರು ರೋಮನ್ ಕೆಥೋಲಿಕರು. ಆದರೆ ಅವರ ಸಭಾಸಂಬಂಧವು ಕೇರಳದ ಕೋಟ್ಟಯದ ಆರ್ಥೊಡಾಕ್ಸ್ ಸಭೆಯೊಡನೆ. ಇದು ಹೇಗಾಯಿತೆಂದು ವಾಚಕರು ಕೇಳಬಹುದು. ಉತ್ತರವು ಒಬ್ಬ ಪಾದ್ರಿಯ ಚರಿತ್ರೆಯಲ್ಲಿದೆ.

ಆಂತೋನಿಯೊ ಫ್ರಾನ್ಸಿಸ್ಕೊ ಷೇವಿಯರ್ ಅಲ್ವಾರಿಸರು 1836ರಲ್ಲಿ ಗೋವೆಯ ವೆರ್ಣಾ ಗ್ರಾಮದಲ್ಲಿ ಜನಿಸಿದರು. ಪಾದ್ರಿಯಾದ ಬಳಿಕ ಅವರು ಪೂಜಾವೇದಿಕೆಯಷ್ಟಕ್ಕೇ ನಿಲ್ಲಲಿಲ್ಲ. ದೀನರಿಗಾಗಿ ಧರ್ಮಸಂಘವನ್ನು ಕಟ್ಟಿದರು. ಪತ್ರಿಕೆಗಳನ್ನು ಹೊರಡಿಸಿ, ಅಧಿಕಾರಸ್ಥರ ತಪ್ಪುಗಳನ್ನು ನಿರ್ಭಯವಾಗಿ ತೋರಿಸಿದರು.

1886ರಲ್ಲಿ ಪೋರ್ಚುಗಲ್ ಸರಕಾರಕ್ಕೂ ರೋಮಿನ ಪೋಪರಿಗೂ ಒಡಂಬಡಿಕೆಯಾಗಿ, ಅದುವರೆಗೆ ಗೋವೆಯ ಆಳ್ವಿಕೆಗೆ ಸೇರಿದ್ದ ಅನೇಕ ಇಗರ್ಜಿಗಳು ಬೇರೆ ಬಿಷಪ್ಪರ ಕೈಸೇರಿದವು. ತಮ್ಮನ್ನು ಕೇಳದೆ ತಮ್ಮ ಕುರುಬನನ್ನು ಬದಲಿಸಿದರೆಂಬ ಅಸಮಾಧಾನವು ಕೆಲವು ಸಭೆಗಳಲ್ಲಿ ಹುಟ್ಟಿತು. ಅಂಥವರ ಪಕ್ಷವನ್ನು ಅಲ್ವಾರಿಸರು ವಹಿಸಿದರು. 1889ರ ಜುಲೈ 28ರಂದು ಕೋಟ್ಟಯದ ಹಳೆಯ ಸೆಮಿನರಿಯಲ್ಲಿ ಅವರಿಗೆ ಬಿಷಪ್ ಪಟ್ಟಾಭಿಷೇಕವಾಗಿ, ಮಾರ್ ಜೂಲಿಯಸ್ ಎಂಬ ನಾಮವು ಬಂದಿತು. ಬ್ರಹ್ಮಾವರ ಸೀಮೆಯ ಹಲವು ಕುಟುಂಬಗಳು ಅವರನ್ನು ಹಿಂಬಾಲಿಸಿದವು.

ಇದರಿಂದ ಅವರಿಗೆ ಸುಖವೇನೂ ದೊರೆಯಲಿಲ್ಲ. ಹಳೆಯ ಸಭೆಯು ಅವರನ್ನು ಬಹಿಷ್ಕರಿಸಿತು. 1895ರಲ್ಲಿ ‘ಓ ಬ್ರಾದೊ ಇಂದಿಯಾನೊ’, ಅಂದರೆ ‘ಭಾರತೀಯನ ಕೂಗು’ ಎಂಬ ಪತ್ರಿಕೆಯಲ್ಲಿ ಪೋರ್ಚುಗೀಸರ ಆಡಳಿತವನ್ನು ಖಂಡಿಸಿದರು. ಆ ವರ್ಷವೇ ಸರಕಾರವು ಅವರನ್ನು ಸೆರೆಹಿಡಿಯಿತು. ಬಿಷಪ್ಪರ ಉಡುಪನ್ನೂ ಮೈಮೇಲಿನಿಂದ ಕಳಚಿಸಿ ಅವಮಾನಪಡಿಸಿದರು.

ಉಡುಪು ಹೋಯಿತೇ ಹೊರತು ಕೆಲಸವು ನಿಲ್ಲಲಿಲ್ಲ. ವಾಂತಿಭೇದಿಯು ಊರೂರನ್ನು ಬರಿದುಮಾಡುತ್ತಿದ್ದ ಆ ದಿನಗಳಲ್ಲಿ ಅದರ ಉಪಚಾರವನ್ನು ತಿಳಿಸುವ ಪುಸ್ತಿಕೆಯನ್ನು ಬರೆದರು. ಬಡವರ ಹಸಿವೆಗೆ ಉಪಾಯವೆಂದು ಮರಗೆಣಸಿನ ಬೇಸಾಯವನ್ನು ಬೋಧಿಸಿದರು. ಮುಪ್ಪಿನಲ್ಲಿ ಪಣಜಿಯಲ್ಲಿದ್ದುಕೊಂಡು, ಯಾರೂ ಮುಟ್ಟಲೊಲ್ಲದ ಕುಷ್ಠರೋಗಿಗಳನ್ನೂ ಕ್ಷಯರೋಗಿಗಳನ್ನೂ ಸಾಕಿದರು. ಕೈಯಲ್ಲಿ ಹಣವು ತೀರಿದಾಗ ತಾವೇ ಬೀದಿಗಿಳಿದು ಅವರಿಗಾಗಿ ಭಿಕ್ಷೆ ಬೇಡಿದರು. ಲೇಖನಿಯಿಂದ ನ್ಯಾಯವನ್ನು ಕೇಳಿದ್ದವರು, ಅದೇ ಜನರಿಗಾಗಿ ಅನ್ನವನ್ನು ಬೇಡುವುದಕ್ಕೂ ನಾಚಲಿಲ್ಲ.

1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಂತ್ಯಯಾತ್ರೆಗೆ ಬಡಬಗ್ಗರು ಕಿಕ್ಕಿರಿದು ನೆರೆದರು. ಬಹಿಷ್ಕೃತನೆಂದು ಕೆಲವರು ದೂರವಿಟ್ಟವರನ್ನು ತಮ್ಮವರೆಂದು ಹೇಳಿಕೊಳ್ಳಲು ಆ ದಿನ ದಿಕ್ಕಿಲ್ಲದವರೇ ಬಂದರು.

ಬ್ರಹ್ಮಾವರದಲ್ಲಿ ಅವರು ನೆಟ್ಟ ಸಸಿಯನ್ನು ಸಂಗಡಿಗರಾದ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾರವರು ಕಾಪಾಡಿದರು. ಅವರು 1936ರಲ್ಲಿ ಮೃತರಾಗುವ ತನಕ ಆ ಊರಲ್ಲಿಯೇ ನಿಂತು ಸಭೆಯನ್ನು ನಡೆಸಿದರು; ಬಡವರ ಮನೆಬಾಗಿಲಿಗೂ ನಡೆದರು. 2010ರಲ್ಲಿ ಬ್ರಹ್ಮಾವರವು ಆರ್ಥೊಡಾಕ್ಸ್ ಸಭೆಯ ಒಂದು ಧರ್ಮಪ್ರಾಂತವೇ ಆಯಿತು. ಅಲ್ವಾರಿಸರ ಅಸ್ಥಿಗಳು ರಿಬಂದರಿನ ಆರ್ಥೊಡಾಕ್ಸ್ ಇಗರ್ಜಿಯಲ್ಲಿವೆ.

ಮತವಿಚಾರದಲ್ಲಿ ಅವರು ಹಿಡಿದ ದಾರಿಯ ಕುರಿತು ಭಿನ್ನಾಭಿಪ್ರಾಯವಿರಬಹುದು. ಆದರೆ ತನ್ನ ಮಾನವನ್ನು ಕಳೆದುಕೊಂಡ ಮೇಲೂ ಪರರ ಮಾನಕ್ಕಾಗಿ ಕೈಯೊಡ್ಡಿದವರನ್ನು ಯಾವ ಮತದವರೂ ತಮ್ಮ ಮಕ್ಕಳಿಗೆ ಪರಿಚಯಿಸಬಹುದಲ್ಲವೇ?