ಸಾಕುಪ್ರಾಣಿಗಳ ಒಸಡಿನ ಬೇನೆಯೂ ಪರೋಪಜೀವಿಗಳೂ

ಕಾಗೆ ಬಂದು ಕುಳಿತ ಗಳಿಗೆಯಲ್ಲಿಯೇ ತಾಳೆಯ ಹಣ್ಣು ಉದುರಿದರೆ, ಅದನ್ನು ಉದುರಿಸಿದುದು ಕಾಗೆಯೇ ಎಂದು ಹೇಳಬಹುದೆ? ನಮ್ಮ ಹಿರಿಯರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದು, ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂದು ಎಚ್ಚರಿಸಿದ್ದಾರೆ. ಈ ನ್ಯಾಯವು ತರ್ಕಶಾಸ್ತ್ರದ ಪಾಠಕ್ಕೆ ಮಾತ್ರ ಸಂಬಂಧಪಟ್ಟುದೆಂದು ತಿಳಿಯಬಾರದು. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ಪ್ರಾಣವೂ ಬಾಗಿಲಲ್ಲಿ ಮಲಗಿರುವ ನಾಯಿಯ ಬಾಯಿಯ ಸುಖವೂ ಎಷ್ಟೋ ವೇಳೆ ಇದನ್ನೇ ಅವಲಂಬಿಸಿರುತ್ತವೆ. ಹೇಗೆಂಬುದನ್ನು ಈ ಹೊತ್ತು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಹಸುವಿನ ಮಾತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ದಕ್ಷಿಣದ ಟೆಕ್ಸಾಸ್ ಪ್ರಾಂತದಿಂದ ಉತ್ತರಕ್ಕೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬಂದ ದನಗಳು ಆರೋಗ್ಯವಾಗಿಯೇ ಇರುತ್ತಿದ್ದವು. ಅವು ಮೇದ ಹುಲ್ಲುಗಾವಲಿಗೆ ಇಳಿದ ಉತ್ತರದ ದನಗಳು ಮಾತ್ರ ಜ್ವರ ಬಂದು, ಕೆಂಪಾದ ಮೂತ್ರ ಹೊಯ್ದು, ಸಾಯುತ್ತಿದ್ದವು. ದನಗಳ ಮೈಗೆ ಕಚ್ಚಿಕೊಂಡಿರುವ ಉಣುಗೇ ಇದಕ್ಕೆ ಕಾರಣವೆಂದು ಕೆಲವು ದನಗಾರರು ಹೇಳುತ್ತಿದ್ದರು, ವಿದ್ವಾಂಸರು ನಗುತ್ತಿದ್ದರು. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು ನಗಲಿಲ್ಲ. 1889ರಲ್ಲಿ ಪ್ರಯೋಗಕ್ಕೆ ತೊಡಗಿದರು. ಒಂದು ಬೇಲಿಯೊಳಗೆ ಉಣುಗುಳ್ಳ ದಕ್ಷಿಣದ ದನಗಳೊಡನೆ ಉತ್ತರದ ದನಗಳನ್ನು ಬಿಟ್ಟರು, ರೋಗ ಬಂದಿತು. ಇನ್ನೊಂದರಲ್ಲಿ ಉಣುಗುಗಳನ್ನು ಕೈಯಿಂದ ಆರಿಸಿ ತೆಗೆದು ಬಿಟ್ಟರು, ರೋಗ ಬರಲಿಲ್ಲ. ಮೂರನೆಯದರಲ್ಲಿ ದಕ್ಷಿಣದ ದನವೇ ಇಲ್ಲದೆ ಬರಿಯ ಉಣುಗುಗಳನ್ನು ನೆಲಕ್ಕೆ ಚೆಲ್ಲಿದರು. ಅಲ್ಲಿಯೂ ರೋಗ ಬಂದಿತು. ರಕ್ತದ ಕೆಂಪು ಕಣಗಳನ್ನು ಒಡೆಯುವ ಒಂದು ಸೂಕ್ಷ್ಮ ಪರೋಪಜೀವಿಯನ್ನು ಉಣುಗು ಹೊತ್ತು ತರುತ್ತದೆಂದು 1893ರಲ್ಲಿ ಅವರು ಸಾರಿದರು. ಈ ಜ್ಞಾನದ ಬಲದಿಂದ 1906ರಲ್ಲಿ ಆರಂಭವಾದ ಉಣುಗಿನ ನಿರ್ಮೂಲನ ಕಾರ್ಯವು 1943ರ ವೇಳೆಗೆ, ಮೆಕ್ಸಿಕೋ ಗಡಿಯ ಒಂದು ಪಟ್ಟಿಯನ್ನು ಬಿಟ್ಟು, ಆ ದೇಶದಲ್ಲೆಲ್ಲ ಬಹುಮಟ್ಟಿಗೆ ಕೈಗೂಡಿತು. ಇಲ್ಲಿ ಕಾಗೆಯೇ ಹಣ್ಣನ್ನು ಉದುರಿಸಿತ್ತು. ಆದರೆ ಅದನ್ನು ತಿಳಿಯಲು ಮೂರು ಬೇಲಿಗಳು ಬೇಕಾದವು.

ಈಗ ಬಾಯಿಯ ಕಡೆಗೆ ತಿರುಗೋಣ. ಒಸಡು ಕೆಂಪಾಗಿ ಊದಿಕೊಂಡು, ರಕ್ತ ಕೀವು ಒಸರಿ, ಹಲ್ಲು ಅಲುಗಾಡಿ ಕೊನೆಗೆ ಬಿದ್ದುಹೋಗುವ ಬೇನೆ ಮನುಷ್ಯರಿಗೂ ಉಂಟು, ನಾಯಿ ಬೆಕ್ಕುಗಳಿಗೂ ಉಂಟು. ಮನುಷ್ಯನ ಹಲ್ಲಿನ ಕೊಳೆಯಲ್ಲಿ ಒಂದು ಅಮೀಬಾ ವಾಸಿಸುವುದನ್ನು 1849ರಲ್ಲಿ ಗ್ರೋಸ್ ಎಂಬ ಶೋಧಕರು ವರ್ಣಿಸಿದ್ದರು. ಬಹುಕಾಲ ಅದನ್ನು ಯಾರೂ ಲೆಕ್ಕಿಸಲಿಲ್ಲ. 1912ರಲ್ಲಿ ಕಲ್ಕತ್ತೆಯಲ್ಲಿದ್ದ ಲಿಯೊನಾರ್ಡ್ ರೋಜರ್ಸ್ ಅವರು ಅಮೀಬಾದಿಂದ ಬರುವ ಆಮಶಂಕೆಗೆ ಎಮೆಟೀನ್ ಎಂಬ ಔಷಧದ ಚುಚ್ಚುಮದ್ದು ಗುಣಕಾರಿಯೆಂದು ತೋರಿಸಿದ ಮೇಲೆ, ಆ ಹಳೆಯ ಅಮೀಬಾಕ್ಕೆ ಒಮ್ಮೆಲೇ ಪ್ರಾಮುಖ್ಯ ಬಂದಿತು. 1914-15ರಲ್ಲಿ ಅಮೆರಿಕದ ಬ್ಯಾರೆಟ್ ಅವರೂ, ಬ್ಯಾಸ್ ಮತ್ತು ಜಾನ್ಸ್ ಅವರೂ, ಒಸಡಿನ ಕೀವಿನಲ್ಲಿ ಈ ಜೀವಿಯನ್ನು ಮತ್ತೆ ಮತ್ತೆ ಕಂಡು, ಇದೇ ರೋಗಕಾರಣವೆಂದೂ ಎಮೆಟೀನೇ ಮದ್ದೆಂದೂ ಪ್ರಕಟಿಸಿದರು. ಜನ ಆಸೆಯಿಂದ ಮದ್ದು ಮಾಡಿಸಿಕೊಂಡರು. ಆದರೆ ಬೇನೆ ಹಿಂದಿರುಗಿತು. ಬೇನೆಯಿಲ್ಲದ ಬಾಯಿಗಳಲ್ಲಿಯೂ ಅಮೀಬಾ ಕಂಡುಬಂದಿತು. ಮೂರು ಬೇಲಿಗಳ ಪರೀಕ್ಷೆಯನ್ನು ಈ ವಾದ ದಾಟಿರಲಿಲ್ಲ.

ಸಾಕುಪ್ರಾಣಿಗಳ ಬಾಯಿಯನ್ನೂ ಶೋಧಕರು ಬಿಡಲಿಲ್ಲ. 1927ರಲ್ಲಿ ಹೆಗ್ನರ್ ಮತ್ತು ರ್‍ಯಾಟ್‌ಕ್ಲಿಫ್ ಅವರು ನಾಯಿಯ ಬಾಯಿಯಿಂದಲೂ ಬೆಕ್ಕಿನ ಬಾಯಿಯಿಂದಲೂ ಚಾವಟಿಯಂಥ ಎಳೆಗಳಿಂದ ಈಜುವ ಟ್ರೈಕೊಮೊನಾಸ್ ಜಾತಿಯ ಜೀವಿಗಳನ್ನು ವರ್ಣಿಸಿದರು. 1928ರಲ್ಲಿ ಹಿನ್‌ಷಾ ಅವರು ಮನುಷ್ಯನ ಬಾಯಿಯ ಅಮೀಬಾವನ್ನು ನಾಯಿಗಳ ಬಾಯಿಗೆ ಹಾಕಿ ನೋಡಿದರು. ಒಸಡು ಮೊದಲೇ ಊದಿದ್ದ ನಾಯಿಗಳಲ್ಲಿ ಅದು ನೆಲೆಸಿತು. ಇದರ ಅರ್ಥವನ್ನು ಗಮನಿಸಿರಿ. ಬಿದ್ದ ಮನೆಯಲ್ಲಿ ಹಾವು ಸೇರಿಕೊಳ್ಳುವುದುಂಟು. ಮನೆಯನ್ನು ಕೆಡವಿದುದು ಹಾವೇ ಎಂದು ಅದರಿಂದ ಸಿದ್ಧವಾಗದು.

ಹಾಗಾದರೆ ಮನೆಯನ್ನು ಕೆಡವುವವರು ಯಾರು? ಉತ್ತರ ಬಂದುದು ಬೀಗಲ್ ಎಂಬ ತಳಿಯ ನಾಯಿಗಳಿಂದ. ಲಿಂಡೆ, ಹಾಂಪ್ ಮತ್ತು ಲೋ ಅವರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳನ್ನು ಎರಡು ಗುಂಪು ಮಾಡಿ ನಾಲ್ಕು ವರ್ಷ ಸಾಕಿದರು. ಒಂದು ಗುಂಪಿನ ಹಲ್ಲನ್ನು ದಿನಕ್ಕೆರಡು ಸಲ ಉಜ್ಜಿದರು. ಇನ್ನೊಂದರದನ್ನು ಉಜ್ಜದೆ ಬಿಟ್ಟರು. ಉಜ್ಜಿದ ನಾಯಿಗಳ ಒಸಡು ಆರೋಗ್ಯವಾಗಿ ಉಳಿಯಿತು. ಉಜ್ಜದವುಗಳಲ್ಲಿ ಒಸಡು ಊದಿತು. ಬಹುಪಾಲು ನಾಯಿಗಳಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆಯಿತು. ಹಲ್ಲಿಗೆ ಅಂಟುವ ಮೆತ್ತನೆಯ ಪೊರೆಯಲ್ಲಿ ಬ್ಯಾಕ್ಟೀರಿಯಗಳು ತುಂಬಿರುತ್ತವೆ. ಜೊಲ್ಲಿನ ಲವಣಗಳು ಸೇರಿ ಅದೇ ಗಟ್ಟಿಯಾದ ಪಾಚಿಯಾಗುತ್ತದೆ. ಮೂಲದೋಷ ಆ ಪೊರೆಯಲ್ಲಿದೆ. ಅಮೀಬಾವನ್ನು ದೂರಿದ ಬ್ಯಾಸ್ ಅವರೇ ತಮ್ಮ ಮುಪ್ಪಿನಲ್ಲಿ ಒಸಡಿನ ಅಂಚಿನಲ್ಲಿ ಹಲ್ಲುಜ್ಜುವ ಕ್ರಮವೊಂದನ್ನು ಬೋಧಿಸಿದರು. ದಂತವೈದ್ಯರು ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ತನ್ನ ಹಳೆಯ ಮಾತಿಗೆ ಕಟ್ಟುಬೀಳದೆ ಸತ್ಯದ ಹಿಂದೆ ನಡೆಯುವುದು ವಿದ್ವಾಂಸನಿಗೆ ಭೂಷಣವಲ್ಲವೆ?

ವ್ಯಾಜ್ಯ ಇಲ್ಲಿಗೆ ಪೂರ್ತಿ ಮುಗಿಯಿತೆನ್ನುವಂತಿಲ್ಲ. 2020ರಲ್ಲಿ ಬರ್ಲಿನ್ನಿನ ಶೋಧಕರು, ಊದಿಕೊಂಡ ಒಸಡಿನ ಮಾಂಸದೊಳಕ್ಕೆ ಈ ಅಮೀಬಾ ನುಗ್ಗಿ ಕಣಗಳನ್ನು ಕೆಡಿಸಬಲ್ಲದೆಂದು ತೋರಿಸಿದ್ದಾರೆ. ಹಾವು ಸೇರಿದ ಮೇಲೆ ಸುಮ್ಮನಿರುತ್ತದೆಂದೂ ಹೇಳುವಂತಿಲ್ಲ. ಆದರೆ ಗೃಹಸ್ಥನ ಕರ್ತವ್ಯ ಇದರಿಂದ ಬದಲಾಗುವುದಿಲ್ಲ: ಮನೆ ಬೀಳದಂತೆ ನೋಡಿಕೊಳ್ಳಬೇಕು.

ಅದಕ್ಕೆ ಮಾಡಬೇಕಾದುದು ಸ್ವಲ್ಪ. ವಾರಕ್ಕೊಮ್ಮೆಯಾದರೂ ನಾಯಿಯ ತುಟಿಯನ್ನೆತ್ತಿ ನೋಡಿರಿ. ಹಲ್ಲಿನ ಬುಡದಲ್ಲಿ ಕೆಂಪು ಗೆರೆ, ಕಂದುಬಣ್ಣದ ಪಾಚಿ, ದುರ್ವಾಸನೆ, ಒಂದೇ ಕಡೆಯಿಂದ ಅಗಿಯುವುದು, ಇವು ಬೇನೆಯ ಗುರುತುಗಳು. ಮೃದುವಾದ ಬ್ರಷ್ಷಿನಿಂದಾಗಲಿ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದಾಗಲಿ ದಿನವೂ ಉಜ್ಜುವ ಅಭ್ಯಾಸವನ್ನು ಮರಿಯಾಗಿದ್ದಾಗಲೇ ಮಾಡಿಸಬೇಕು. ನಮ್ಮ ಪೇಸ್ಟನ್ನು ಬಳಸಕೂಡದು. ನಾಯಿ ಅದನ್ನು ನುಂಗುತ್ತದೆ, ಕೆಲವದರಲ್ಲಿರುವ ಜೈಲಿಟಾಲ್ ನಾಯಿಗೆ ವಿಷ. ಗಟ್ಟಿಯಾದ ಪಾಚಿಯನ್ನು ನಾವೇ ಕೆರೆಯದೆ ಪಶುವೈದ್ಯರಿಗೆ ಬಿಡಬೇಕು. ಒಸಡಿನ ಊತ ಮಾತ್ರವಿರುವಾಗ ಬೇನೆ ಪೂರ್ತಿ ಹಿಂದಿರುಗಬಲ್ಲುದು; ಕರಗಿದ ಮೂಳೆ ಮಾತ್ರ ತಾನಾಗಿ ಮರಳಿ ಬೆಳೆಯುವುದಿಲ್ಲ.

ಮನುಷ್ಯನಿಗೆ ಹಲ್ಲು ನೋಯುವಾಗ ಮನೆಯವರಿಗೆಲ್ಲ ತಿಳಿಯುತ್ತದೆ. ಪ್ರಾಣಿಯು ಅದೇ ನೋವಿನಲ್ಲಿ, ಹಾಕಿದ ಅನ್ನವನ್ನು ಮೆಲ್ಲಮೆಲ್ಲನೆ ತಿಂದು ಬಾಲವಾಡಿಸುತ್ತದೆ. ಅದು ಹೇಳಲಾರದ್ದನ್ನು ನಾವೇ ಕಣ್ಣಿಟ್ಟು ನೋಡಿ ತಿಳಿಯಬೇಕು. ತಿಳಿಯುವಾಗ ಕಾಗೆಯನ್ನು ಕಂಡೊಡನೆ ಕಲ್ಲೆತ್ತದೆ, ಹಣ್ಣಿನ ತೊಟ್ಟನ್ನೂ ಪರೀಕ್ಷಿಸಬೇಕು.